ಟ್ರಕ್ ಸರಿಯಿತ್ತು, ಟ್ರೇಲರ್ ಕೆಟ್ಟಿತ್ತು: ಒಂದು ಕುಟುಂಬದ ರೋಡ್‌ಸೈಡ್ ಮತ್ತು ಇನ್ಶೂರೆನ್ಸ್ ಆಯ್ಕೆ

ಅಮೆರಿಕದ ಯೂಟಾ ರಾಜ್ಯದಲ್ಲಿ ಗ್ರೀನ್ ರಿವರ್‌ನಿಂದ ಸಲೈನಾಗೆ ಹೋಗುವ ಐ-70 ಹೆದ್ದಾರಿಯಲ್ಲಿ ನೂರು ಮೈಲಿಗೂ ಜಾಸ್ತಿ ದೂರ ಏನೂ ಸಿಗುವುದಿಲ್ಲ. ಪೆಟ್ರೋಲ್ ಇಲ್ಲ, ಹೋಟೆಲ್ ಇಲ್ಲ, ಗ್ಯಾರೇಜ್ ಇಲ್ಲ. ಆ ದೇಶದ ಇಂಟರ್‌ಸ್ಟೇಟ್ ರಸ್ತೆಗಳಲ್ಲಿ ಇಷ್ಟು ಉದ್ದಕ್ಕೆ ಯಾವ ಸೌಲಭ್ಯವೂ ಇಲ್ಲದ ಇನ್ನೊಂದು ಜಾಗ ಇಲ್ಲ. ನನ್ನ ಅಕ್ಕ-ಭಾವನ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕೆಟ್ಟು ನಿಂತಿದ್ದು ಅಲ್ಲೇ.

ಅವರಿರುವುದು ಡೆನ್ವರ್ ಹತ್ತಿರ. ಇಬ್ಬರು ಮಕ್ಕಳು. 26 ಅಡಿ ಉದ್ದದ, ಎರಡು ಆಕ್ಸಲ್ ಇರುವ ಟ್ರೇಲರ್ ಅನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಎಳೆಯುವುದಕ್ಕೆ ಪಿಕಪ್ ಟ್ರಕ್. ಆರ್ಚಸ್ ನ್ಯಾಷನಲ್ ಪಾರ್ಕ್ ನೋಡಿಕೊಂಡು ಬ್ರೈಸ್ ಕ್ಯಾನ್ಯನ್ ಕಡೆಗೆ ಹೊರಟಿದ್ದರು. ಗ್ರೀನ್ ರಿವರ್ ದಾಟಿದ ಮೇಲೆ ಸ್ಯಾನ್ ರಫೇಲ್ ರೀಫ್ ಎಂಬ ಬಂಡೆಗಳ ಸಾಲು ಬರುತ್ತದೆ. ರಸ್ತೆ ಅದನ್ನು ಕಡಿದುಕೊಂಡು ಮೇಲೆ ಏರುತ್ತದೆ. ಆ ಏರು ಮುಗಿದು ಸ್ವಲ್ಪ ದೂರಕ್ಕೆ, ಮೈಲಿಗಲ್ಲು 130ರ ಆಸುಪಾಸಿನಲ್ಲಿ, ಎಡಗಡೆ ದೊಡ್ಡ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಟೈರ್ ಚಿಂದಿ ಹಾರುತ್ತಿತ್ತು.

ಬರೀ ಟೈರ್ ಆಗಿದ್ದರೆ ಸ್ಟೆಪ್ನಿ ಹಾಕಿಕೊಂಡು ಹೋಗುತ್ತಿದ್ದರು. ಆಗಿದ್ದು ಬೇರೆ. ಲೀಫ್ ಸ್ಪ್ರಿಂಗ್ ಅನ್ನು ಹಿಡಿದಿಡುವ ಶ್ಯಾಕಲ್ ಸವೆದು ತುಂಡಾಗಿತ್ತು. ಆಕ್ಸಲ್ ಜರುಗಿತ್ತು. ಆ ಕಡೆಯ ಎರಡು ಚಕ್ರಗಳು ಒಂದಕ್ಕೊಂದು ಉಜ್ಜಿ ಒಂದು ಸಿಡಿದಿತ್ತು. ಹಾರಿದ ರಬ್ಬರ್ ಪಟ್ಟಿ ಚಕ್ರದ ಮೇಲಿನ ಹೊದಿಕೆ ಒಡೆದು, ಅಡುಗೆಕಟ್ಟೆಯ ಕೆಳಗಿನ ನೆಲ ಸೀಳಿ, ಬ್ರೇಕಿನ ವೈರ್ ಕಿತ್ತು, ಗ್ಯಾಸ್ ಪೈಪ್ ಬಗ್ಗಿಸಿತ್ತು. ಭಾವ ಮೊದಲು ಮಾಡಿದ ಕೆಲಸ ಸಿಲಿಂಡರ್ ವಾಲ್ವ್ ಮುಚ್ಚಿದ್ದು. ಅದನ್ನು ಇಲ್ಲಿ ಬೇಕಂತಲೇ ಹೇಳುತ್ತಿದ್ದೇನೆ. ಟ್ರೇಲರ್‌ಗೆ ಕೆಳಗಿನಿಂದ ಪೆಟ್ಟಾದರೆ ಮೊದಲು ಗ್ಯಾಸ್, ಆಮೇಲೆ ಫೋನ್.

ಫೋನ್ ಸಿಗ್ನಲ್ ಹುಡುಕಿಕೊಂಡು ಮೇಲೆ ನಡೆದು ಹೋಗಬೇಕಾಯಿತು. ಪಿಕಪ್‌ನ ಇನ್ಶೂರೆನ್ಸ್ ಜೊತೆಗೇ ತೆಗೆದುಕೊಂಡಿದ್ದ ರೋಡ್‌ಸೈಡ್ ಸೇವೆಗೆ, ಅಂದರೆ ದಾರಿಯಲ್ಲಿ ಗಾಡಿ ಕೆಟ್ಟರೆ ನೆರವಿಗೆ ಬರುವವರಿಗೆ, ಫೋನ್ ಮಾಡಿದರು. ಆ ಕಡೆಯವರು ಕೇಳಿದ್ದು ಇಷ್ಟೇ:

"ನಿಮ್ಮ ಪಿಕಪ್‌ಗೆ ಏನಾದರೂ ಆಗಿದೆಯಾ?"

"ಇಲ್ಲ, ಟ್ರೇಲರ್‌ಗೆ."

"ಪಾಲಿಸಿಯಲ್ಲಿ ಪಿಕಪ್ ಮಾತ್ರ ಇದೆ ಸರ್."

ಅವರು ಸುಳ್ಳು ಹೇಳಲಿಲ್ಲ. ಆ ಸೇವೆ ಇರುವುದು ಪಾಲಿಸಿಯಲ್ಲಿ ಹೆಸರಿಸಿದ ಗಾಡಿಗೆ. ಟ್ರೇಲರ್‌ಗೆ ತನ್ನದೇ ಸೀರಿಯಲ್ ನಂಬರ್ ಇದೆ, ತನ್ನದೇ ನೋಂದಣಿ ಇದೆ, ಅಂದರೆ ಅದು ಇನ್ನೊಂದು ಗಾಡಿ. ಹಿಚ್‌ಗೆ, ಅಂದರೆ ಟ್ರಕ್‌ನ ಹಿಂದಿನ ಕೊಂಡಿಗೆ, ಸಿಕ್ಕಿಸಿದ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ.

ಕೊನೆಗೆ ಭಾವ ಸ್ವಂತ ದುಡ್ಡಿನಲ್ಲಿ ಟೋ ಕರೆಸಿದರು. ಆಕ್ಸಲ್ ಜರುಗಿದ್ದರಿಂದ ಎಳೆದುಕೊಂಡು ಹೋಗುವಂತಿರಲಿಲ್ಲ, ತಗ್ಗಿನ ದೊಡ್ಡ ಫ್ಲ್ಯಾಟ್‌ಬೆಡ್ ಬೇಕಾಯಿತು. ಅಂಥ ಗಾಡಿ ಎಲ್ಲರ ಹತ್ತಿರ ಇರುವುದಿಲ್ಲ, ಅದಕ್ಕೆ ಕಾಯಬೇಕು. ಟ್ರೇಲರ್ ಗ್ರೀನ್ ರಿವರ್‌ನ ಒಂದು ಯಾರ್ಡ್ ಸೇರಿತು. ಯಾರ್ಡ್‌ನಲ್ಲಿ ನಿಲ್ಲಿಸಿದ್ದಕ್ಕೆ ದಿನಕ್ಕೆ ಇಷ್ಟು ಅಂತ ಬಾಡಿಗೆ. ಟ್ರೇಲರ್ ರಿಪೇರಿ ಮಾಡುವ ದೊಡ್ಡ ಅಂಗಡಿ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಸಿಕ್ಕಿತು. ಬೇಸಿಗೆ ಸೀಸನ್ ಆದ್ದರಿಂದ ಅಲ್ಲಿ ವಾರಗಟ್ಟಲೆ ಸರದಿ. ಅಲ್ಲಿಗೆ ಸಾಗಿಸಲು ಇನ್ನೊಂದು ಟೋ. ರಿಪೇರಿ ಆದ ಮೇಲೆ ಮನೆಯಿಂದ ಸುಮಾರು 250 ಮೈಲಿ ಹೋಗಿ ತರಬೇಕು. ಈ ಎಲ್ಲದರ ನಡುವೆ ಮಕ್ಕಳ ಜೊತೆ ಹೋಟೆಲ್ ವಾಸ. ಎಲ್ಲವೂ ಕೈಯಿಂದ.

ಮನೆಗೆ ಬಂದ ಮೇಲೆ ಅಕ್ಕ ನನಗೆ ಪೇಪರುಗಳನ್ನೆಲ್ಲ ಕಳಿಸಿದಳು. "ಈ ಸಲ ಸರಿಯಾಗಿ ನೋಡಿ ಮಾಡೋಣ, ನೀನೂ ಕೂತ್ಕೋ" ಅಂದಳು. ಮೂವರೂ ವಿಡಿಯೋ ಕಾಲ್‌ನಲ್ಲಿ ಕೂತು ಓದಿದೆವು. ಮುಂದಿನದು ಆ ಓದಿನಿಂದ ಬಂದದ್ದು.

ಅವರ ಹತ್ತಿರ ಏನಿತ್ತು

ಟ್ರೇಲರ್‌ಗೆ ಪ್ರತ್ಯೇಕ ಪಾಲಿಸಿ ಇರಲಿಲ್ಲ. ಅದಕ್ಕೆ ಕಾರಣ ಸರಳ. ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದರು, ಸಾಲ ಇರಲಿಲ್ಲ. ಸಾಲ ಇದ್ದಿದ್ದರೆ ಬ್ಯಾಂಕೇ ಕಾಂಪ್ರಿಹೆನ್ಸಿವ್ (ಬೆಂಕಿ, ಕಳ್ಳತನ, ಆಲಿಕಲ್ಲಿನಂಥ ಹಾನಿಗೆ) ಮತ್ತು ಕೊಲಿಶನ್ (ಡಿಕ್ಕಿ, ಬಡಿತದ ಹಾನಿಗೆ) ಎರಡೂ ಬೇಕೇ ಬೇಕು ಅನ್ನುತ್ತಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳು ಟ್ರಾವೆಲ್ ಟ್ರೇಲರ್‌ಗೆ ಬೇರೆ ಇನ್ಶೂರೆನ್ಸ್ ಕಡ್ಡಾಯ ಮಾಡಿಲ್ಲ. ಯಾಕೆಂದರೆ ಹಿಚ್‌ನಲ್ಲಿ ಸಿಕ್ಕಿಸಿ ಎಳೆಯುವಾಗ ಎಳೆಯುವ ಗಾಡಿಯ ಲಯಬಿಲಿಟಿ ಸಾಮಾನ್ಯವಾಗಿ ಟ್ರೇಲರ್‌ಗೂ ಅನ್ವಯಿಸುತ್ತದೆ.

"ಟ್ರಕ್ ಪಾಲಿಸಿಯಲ್ಲೇ ಟ್ರೇಲರ್ ಕವರ್ ಆಗುತ್ತೆ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಮಾತಿನಲ್ಲಿ ಅರ್ಧ ಸತ್ಯ ಇದೆ. ಲಯಬಿಲಿಟಿ ಅಂದರೆ ನಿಮ್ಮ ಟ್ರೇಲರ್ ಬೇರೆಯವರಿಗೆ ಮಾಡಿದ ಹಾನಿಗೆ ಕೊಡುವ ದುಡ್ಡು. ಭಾವನ ಟ್ರೇಲರ್ ಪಕ್ಕದ ಕಾರಿಗೆ ಬಡಿದಿದ್ದರೆ ಆ ಕಾರಿನವರಿಗೆ ದುಡ್ಡು ಸಿಗುತ್ತಿತ್ತು. ತಮ್ಮದೇ ಟ್ರೇಲರ್‌ನ ನೆಲ ಸೀಳಿದ್ದಕ್ಕೆ ಒಂದು ಡಾಲರ್ ಕೂಡ ಇಲ್ಲ. ಇನ್ನೊಂದು ವಿಷಯ, ಹಿಚ್‌ನಿಂದ ಬಿಡಿಸಿ ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಲ್ಲಿಸಿದ ಮೇಲೆ ಟ್ರಕ್‌ನ ಲಯಬಿಲಿಟಿ ಅದರ ಜೊತೆ ಇರುತ್ತದೆ ಅಂತ ನಂಬಿಕೊಳ್ಳಬಾರದು. ಮೆಟ್ಟಿಲು ಜಾರಿ ಪಕ್ಕದ ಟೆಂಟಿನವರು ಬಿದ್ದರೆ, ಬಿಚ್ಚಿದ ಆನಿಂಗ್ (ಬದಿಯ ನೆರಳಿನ ಬಟ್ಟೆ) ಗಾಳಿಗೆ ಹಾರಿ ಯಾರಿಗಾದರೂ ಬಡಿದರೆ, ಅದಕ್ಕೆ ವೆಕೇಶನ್ ಲಯಬಿಲಿಟಿ ಎಂಬ ಬೇರೆ ಕವರ್ ಇದೆ. ಅದು ಸಿಗುವುದು ಟ್ರೇಲರ್‌ನ ಸ್ವಂತ ಪಾಲಿಸಿಯಲ್ಲಿ.

ಹಾಗಾಗಿ ಅವರ ಹತ್ತಿರ ಇದ್ದದ್ದು ಎರಡು. ಟ್ರಕ್ ಕೆಟ್ಟರೆ ಟ್ರಕ್ ಸಾಗಿಸುವ ಸೇವೆ. ಬೇರೆಯವರಿಗೆ ಹಾನಿಯಾದರೆ ಕೊಡುವ ಇನ್ಶೂರೆನ್ಸ್. ಟ್ರೇಲರ್‌ಗಾಗಿ ಏನೂ ಇರಲಿಲ್ಲ.

ಪೇಪರನ್ನು ರಸ್ತೆ ಬದಿಯಿಂದ ಓದಿದ್ದು

ದುಡ್ಡು ಕಟ್ಟಿ ಸದಸ್ಯರಾಗುವ ರೋಡ್‌ಸೈಡ್ ಸೇವೆ ಕೊಡುವ ಕಂಪನಿಗಳ ಹೋಲಿಕೆ ಪಟ್ಟಿ ನೋಡಿದರೆ ತಲೆ ಕೆಡುತ್ತದೆ. ಎಲ್ಲದರಲ್ಲೂ 24 ಗಂಟೆ ಸೇವೆ, ಬ್ಯಾಟರಿ ಜಂಪ್, ಬೀಗ ತೆಗೆಯುವುದು, ಪೆಟ್ರೋಲ್ ತಂದುಕೊಡುವುದು. ಎಲ್ಲ ಒಂದೇ ಥರ ಕಾಣುತ್ತವೆ. ನಾವು ಬೇರೆ ದಾರಿ ಹಿಡಿದೆವು. ಮೈಲಿಗಲ್ಲು 130ನ್ನೇ ಎದುರಿಗಿಟ್ಟುಕೊಂಡೆವು. ಈ ಸದಸ್ಯತ್ವ ಅವತ್ತು ಇದ್ದಿದ್ದರೆ ಯಾರು ಬರುತ್ತಿದ್ದರು? ಏನನ್ನು ಒಯ್ಯುತ್ತಿದ್ದರು? ಎಲ್ಲಿಗೆ? ರಾತ್ರಿಯ ಹೋಟೆಲ್ ಖರ್ಚು ಯಾರದು? ಈ ಪ್ರಶ್ನೆಗೆ ಉತ್ತರ ಕೊಡದ ಸೌಲಭ್ಯವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಟ್ರೇಲರ್ ಇರುವ ಯಾರೇ ಆದರೂ ತಮ್ಮ ದಾರಿಯ ಅತಿ ಕೆಟ್ಟ ಜಾಗ ಒಂದನ್ನು ಆರಿಸಿ ಹೀಗೇ ಓದಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಅಮೆರಿಕದ ವಾಹನ ಸವಾರರ ಸಂಸ್ಥೆ ಟ್ರಿಪಲ್ ಎ (AAA) ನೋಡಿದೆವು. 1902ರಲ್ಲಿ ಶುರುವಾದ ಸಂಸ್ಥೆ, ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ಅದು ಬೇರೆ ಬೇರೆ ಪ್ರದೇಶದ ಕ್ಲಬ್‌ಗಳ ಒಕ್ಕೂಟ. ಕ್ಲಬ್‌ನಿಂದ ಕ್ಲಬ್‌ಗೆ ನಿಯಮ ಸ್ವಲ್ಪ ಬೇರೆ. ಕೆಳಗಿನ ಹಂತದ ಕ್ಲಾಸಿಕ್ ಸದಸ್ಯತ್ವದಲ್ಲಿ ಟ್ರೇಲರ್ ಟೋ ಇರುವುದಿಲ್ಲ. ಸಾಮಾನ್ಯವಾಗಿ ಪ್ಲಸ್ ಅಥವಾ ಪ್ರೀಮಿಯರ್ ತಗೊಂಡು ಅದರ ಮೇಲೆ ಆರ್‌ವಿ (ಟ್ರೇಲರ್‌ನಂಥ ಪ್ರವಾಸದ ಗಾಡಿ) ಕವರ್ ಸೇರಿಸಬೇಕು. ಪ್ಲಸ್‌ನಲ್ಲಿ ಟೋ ದೂರ ಸಾಮಾನ್ಯವಾಗಿ 100 ಮೈಲಿ. ಈಗ ಲೆಕ್ಕ ಹಾಕಿ. ಟ್ರೇಲರ್ ನಿಂತ ಜಾಗದಿಂದ ಗ್ರ್ಯಾಂಡ್ ಜಂಕ್ಷನ್‌ಗೆ ಸುಮಾರು 130 ಮೈಲಿ. ಉಳಿದ 30 ಮೈಲಿ ನಮ್ಮ ತಲೆ ಮೇಲೆ. ಪ್ರೀಮಿಯರ್‌ನಲ್ಲಿ ವರ್ಷಕ್ಕೆ ಒಂದು ಟೋ 200 ಮೈಲಿವರೆಗೆ ಕೊಡುವ ಕ್ಲಬ್‌ಗಳಿವೆ. ಅದು ಅವತ್ತಿಗೆ ಸಾಕಾಗುತ್ತಿತ್ತು.

ಇದರಲ್ಲಿ ನನಗೆ ಇಷ್ಟವಾದ ಒಂದು ಅಂಶ ಇದೆ. ಐಫೋನ್ 14ರಿಂದ ಈಚೆಗಿನ ಫೋನ್‌ಗಳಲ್ಲಿ ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್ ಮೂಲಕ ತುರ್ತು ಸಂದೇಶ ಕಳಿಸಬಹುದು. 2023ರಿಂದ ಅಮೆರಿಕದಲ್ಲಿ ಟ್ರಿಪಲ್ ಎ ಜೊತೆ ಸೇರಿ ರೋಡ್‌ಸೈಡ್ ಸಹಾಯವನ್ನೂ ಹಾಗೇ ಕೇಳಬಹುದು. ಫೋನ್ ಹಿಡಿದು ಬಿಸಿಲಲ್ಲಿ ನಡೆದ ಭಾವನಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಆಮೇಲೆ ಆರ್‌ವಿಯವರಿಗಾಗಿಯೇ ಇರುವ ಗುಡ್ ಸ್ಯಾಮ್, ಕೋಚ್-ನೆಟ್ ಥರದವು. ಇವು ಟೋ ದೂರಕ್ಕೆ ಮೈಲಿ ಮಿತಿ ಹಾಕುವುದಿಲ್ಲ. ಆದರೆ ಒಯ್ಯುವುದು ಹತ್ತಿರದ ಯೋಗ್ಯ ರಿಪೇರಿ ಕೇಂದ್ರಕ್ಕೆ. ಇಲ್ಲಿ "ಹತ್ತಿರದ" ಎಂಬ ಪದದ ಮೇಲೆ ಬೆರಳಿಟ್ಟು ಓದಬೇಕು. ಮಿತಿ ಇಲ್ಲ ಅಂದರೆ ಡೆನ್ವರ್‌ವರೆಗೆ ತಂದುಬಿಡುತ್ತಾರೆ ಅಂತ ಅಲ್ಲ. ಯಾವುದು ಯೋಗ್ಯ, ಯಾವುದು ಹತ್ತಿರ ಅಂತ ತೀರ್ಮಾನ ಮಾಡುವುದು ಅವರು. ಆ ಅಂಗಡಿಯಲ್ಲಿ ಆರು ವಾರ ಸರದಿ ಇದ್ದರೂ ಅದು "ಹತ್ತಿರದ" ಅಂಗಡಿಯೇ. ಬೇರೆ ಅಂಗಡಿಗೆ ಬೇಕೆಂದರೆ ಹೆಚ್ಚುವರಿ ಮೈಲಿಗೆ ಏನು ನಿಯಮ ಅಂತ ಭಾವ ಫೋನ್‌ನಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಕಳಿಸಿ ಅಂದರು. ಬಾಯಿಮಾತು ಕ್ಲೇಮ್ ದಿನ ನಿಲ್ಲುವುದಿಲ್ಲ.

ಮೂರನೆಯದು, ಇನ್ಶೂರೆನ್ಸ್ ಕಂಪನಿಯ ಆರ್‌ವಿ ಪಾಲಿಸಿ ಜೊತೆ ಸೇರಿಸುವ ರೋಡ್‌ಸೈಡ್. ಅಗ್ಗ. ಒಂದೇ ಕಡೆ ಎಲ್ಲ. ಆದರೆ ಟೋ ಕರೆಯನ್ನು ಕ್ಲೇಮ್ ಇತಿಹಾಸದಲ್ಲಿ ಬರೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಬೇಕು. ಉತ್ತರ ಹೌದು ಎಂದಾದರೆ ನಾನಂತೂ ಬೇರೆ ಕಡೆ ತಗೊಳ್ಳುತ್ತೇನೆ.

ಎಲ್ಲರಿಗೂ ಕೇಳಿದ ಪ್ರಶ್ನೆಗಳಲ್ಲಿ ತುಂಬಾ ಕೆಲಸಕ್ಕೆ ಬಂದಿದ್ದು ಇದು: ಟ್ರೇಲರ್ ಸರಿಯಿದ್ದು ಟ್ರಕ್ ಕೆಟ್ಟರೆ ಟ್ರೇಲರ್ ಏನಾಗುತ್ತದೆ? ನಿಜ ಹೇಳಬೇಕೆಂದರೆ ಆಗಿದ್ದಕ್ಕಿಂತ ಇದು ಕಷ್ಟದ ಪರಿಸ್ಥಿತಿ. ಟ್ರೇಲರ್ ಕೆಟ್ಟರೆ ಟ್ರಕ್‌ನಲ್ಲಿ ಕೂತು ಊರು ಸೇರಬಹುದು. ಟ್ರಕ್ ಕೆಟ್ಟರೆ ಎರಡೂ ನಿಂತಂತೆ. ಎರಡು ಟೋ ಗಾಡಿ ಬೇಕಾಗಬಹುದು. ಕೆಲವು ಯೋಜನೆಗಳು ಅದನ್ನು ಎರಡು ಕರೆ ಅಂತ ಎಣಿಸುತ್ತವೆ. ವರ್ಷಕ್ಕೆ ಕರೆಗಳ ಮಿತಿ ಇದ್ದರೆ ಒಂದೇ ದಿನ ಎರಡು ಹೋಯಿತು. ಜೊತೆಗೆ ಜನ. ಟೋ ಟ್ರಕ್‌ನ ಕ್ಯಾಬಿನ್‌ನಲ್ಲಿ ಚಾಲಕನ ಪಕ್ಕ ಒಬ್ಬರೋ ಇಬ್ಬರೋ ಕೂರಬಹುದು. ನಾಲ್ಕು ಜನರ ಕುಟುಂಬ ಎಲ್ಲಿ ಕೂರಬೇಕು? ಅಕ್ಕ ಈ ಪ್ರಶ್ನೆಯನ್ನು ಪ್ರತಿ ಕಂಪನಿಗೂ ಕೇಳಿದಳು. ಸರಿಯಾದ ಉತ್ತರ ಕೊಟ್ಟವರು ಕಡಿಮೆ.

ಮಣ್ಣಿನ ರಸ್ತೆಯ ವಿಷಯವೂ ಇದೆ. ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಭೂಮಿಯಲ್ಲಿ ಪುಕ್ಕಟೆ ಕ್ಯಾಂಪ್ ಮಾಡುವವರು ಬಹಳ. ಟಾರ್ ರಸ್ತೆ ಬಿಟ್ಟು ಒಳಗೆ ಹೋದರೆ ಕೆಲವು ರೋಡ್‌ಸೈಡ್ ಸೇವೆಗಳು ಬರುವುದಿಲ್ಲ. ಮಕ್ಕಳಿಗೆ ಅಂಥ ಜಾಗಗಳೇ ಇಷ್ಟ, ಹಾಗಾಗಿ ಇದನ್ನೂ ಬರವಣಿಗೆಯಲ್ಲಿ ಕೇಳಿಸಿದೆವು. ಇನ್ನೊಂದು ಮುಖ್ಯ ನಿಯಮ, ಮೊದಲು ಅವರಿಗೆ ಫೋನ್ ಮಾಡಬೇಕು. ನಾವೇ ಟೋ ಕರೆಸಿ ಆಮೇಲೆ ಬಿಲ್ ಕಳಿಸಿದರೆ ಪೂರ್ತಿ ದುಡ್ಡು ವಾಪಸ್ ಬರುವುದು ಅಪರೂಪ.

ಇನ್ಶೂರೆನ್ಸ್‌ನಲ್ಲಿ ಜಗ್ಗಾಟ

ರೋಡ್‌ಸೈಡ್ ಗಾಡಿಯನ್ನು ಅಂಗಡಿ ಬಾಗಿಲಿಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದಿನ ಬಿಲ್ ಅದರದಲ್ಲ. ಆ ಬಿಲ್‌ಗೆ ಇನ್ಶೂರೆನ್ಸ್ ಬೇಕು, ಮತ್ತು ಅದೂ ಎಲ್ಲವನ್ನೂ ಕೊಡುವುದಿಲ್ಲ.

ಈ ಪ್ರಕರಣವನ್ನೇ ತಗೊಳ್ಳಿ. ತುಂಡಾದ ಶ್ಯಾಕಲ್ ಸವೆತದಿಂದ ಹೋಗಿದ್ದು. ಸವೆತವನ್ನು ಯಾವ ಪಾಲಿಸಿಯೂ ಕೊಡುವುದಿಲ್ಲ. ಸಿಡಿದ ಟೈರ್ ಕೂಡ ಸಾಮಾನ್ಯವಾಗಿ ಹೊರಗೆ. ಆದರೆ ಆ ಟೈರ್ ಚಿಂದಿ ಒಡೆದ ನೆಲ, ವೈರ್, ಗ್ಯಾಸ್ ಪೈಪ್? ಕೊಲಿಶನ್ ಕವರ್ ಇದ್ದರೆ ಬಹಳ ಕಂಪನಿಗಳು ಆ ಹಾನಿಯನ್ನು ಕೊಡುತ್ತವೆ, ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಹಾಕಿಕೊಳ್ಳಬೇಕಾದ ಮೊತ್ತ, ಕಳೆದು. ದೊಡ್ಡ ಬಿಲ್ ಇದ್ದದ್ದು ಅಲ್ಲೇ. ಶ್ಯಾಕಲ್ ಮತ್ತು ಟೈರ್ ಸಣ್ಣ ಬಾಬ್ತು. ಕವರ್ ಇದ್ದಿದ್ದರೆ ಹೆಚ್ಚಿನ ಪಾಲು ವಾಪಸ್ ಬರುವ ಸಾಧ್ಯತೆ ಇತ್ತು. ಇದನ್ನು ಓದಿದಾಗ ಭಾವ ಸುಮ್ಮನಾದರು.

ಆಮೇಲೆ ಎರಡು ಜಗ್ಗಾಟ ನಡೆಯಿತು. ಒಂದು ಡಿಡಕ್ಟಿಬಲ್ ಬಗ್ಗೆ. 500 ಡಾಲರ್ ಇಟ್ಟರೆ ಪ್ರೀಮಿಯಂ ಜಾಸ್ತಿ, 1000 ಇಟ್ಟರೆ ಕಡಿಮೆ. ಭಾವ 1000 ಅಂದರು. "ಸಣ್ಣ ಪುಟ್ಟದ್ದಕ್ಕೆ ಕ್ಲೇಮ್ ಹಾಕೋದೇ ಬೇಡ, ದೊಡ್ಡದಕ್ಕೆ ಮಾತ್ರ ಇರಲಿ" ಅಂತ. ನಾನು ಅವರ ಪಕ್ಷ. ಸಣ್ಣ ಕ್ಲೇಮ್‌ಗಳು ಮುಂದಿನ ವರ್ಷದ ಪ್ರೀಮಿಯಂಗೆ ತೊಂದರೆ ಕೊಡುತ್ತವೆ. ಆ ಸಾವಿರ ಡಾಲರ್ ಪಕ್ಕಕ್ಕೆ ಇಡುವ ಶಕ್ತಿ ಇರುವ ಮನೆಗೆ ಅದೇ ಸರಿ. ಇಲ್ಲದ ಮನೆಗೆ ಸರಿಯಲ್ಲ.

ಎರಡನೆಯದು ಬೆಲೆಯ ಬಗ್ಗೆ. ಟ್ರೇಲರ್ ಪೂರ್ತಿ ಹಾಳಾದರೆ ಎಷ್ಟು ಕೊಡುತ್ತಾರೆ? ಮೂರು ಥರ ಇದೆ. ಆ ದಿನದ ಮಾರುಕಟ್ಟೆ ಬೆಲೆ, ಅಂದರೆ ಸವಕಳಿ ಕಳೆದು. ಮೊದಲೇ ಒಪ್ಪಿಕೊಂಡು ಪಾಲಿಸಿಯಲ್ಲಿ ಬರೆದ ಬೆಲೆ. ಹೊಸದಕ್ಕೆ ಹೊಸದು. ಕೊನೆಯದು ಸಾಮಾನ್ಯವಾಗಿ ಹೊಸ ಟ್ರೇಲರ್‌ಗೆ, ಮೊದಲ ಕೆಲವು ವರ್ಷಕ್ಕೆ ಮಾತ್ರ ಸಿಗುತ್ತದೆ, ಇವರಿಗೆ ಅದರ ಪ್ರಶ್ನೆಯೇ ಇಲ್ಲ. ಟ್ರೇಲರ್ ಬೆಲೆ ಬೇಗ ಇಳಿಯುತ್ತದೆ. 30,000 ಡಾಲರ್ ಕೊಟ್ಟು ತಗೊಂಡಿದ್ದಕ್ಕೆ ಮಾರುಕಟ್ಟೆ ಬೆಲೆ 20,000 ಆಗಿದೆ ಅಂದುಕೊಳ್ಳಿ. ಸಾಲ 24,000 ಬಾಕಿ ಇದ್ದವರಿಗೆ ಟ್ರೇಲರ್ ಹೋಗಿಯೂ 4,000 ಸಾಲ ಉಳಿಯುತ್ತದೆ, ಮೇಲೆ ಡಿಡಕ್ಟಿಬಲ್. ಅಂಥವರಿಗೆ ಮಾರುಕಟ್ಟೆ ಬೆಲೆಯ ಪಾಲಿಸಿ ಅಪಾಯ. ಅಕ್ಕನವರಿಗೆ ಸಾಲ ಇಲ್ಲ. ಆದರೂ ಅವರು ಒಪ್ಪಿದ ಬೆಲೆಯದ್ದನ್ನೇ ಆರಿಸಿದರು. ಹಾಸಿಗೆ, ಸೋಲಾರ್ ಪ್ಯಾನಲ್, ಬ್ಯಾಟರಿ ಅಂತ ಅವರು ಹಾಕಿದ ದುಡ್ಡು ಮಾರುಕಟ್ಟೆ ಪಟ್ಟಿಯಲ್ಲಿ ಕಾಣುವುದಿಲ್ಲ, ಅದು ಕಾರಣ. ಪ್ರೀಮಿಯಂ ವ್ಯತ್ಯಾಸ ಸಣ್ಣದಿದ್ದರಿಂದ ನಾನೂ ಒಪ್ಪಿದೆ. ಜಾಸ್ತಿ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ.

ಚಳಿಗಾಲದಲ್ಲಿ ಪ್ರೀಮಿಯಂ ಉಳಿಸುವ ಒಂದು ದಾರಿ ಇದೆ. ಟ್ರೇಲರ್ ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಕೊಲಿಶನ್ ತೆಗೆಸಿ ಕಾಂಪ್ರಿಹೆನ್ಸಿವ್ ಮಾತ್ರ ಇಟ್ಟುಕೊಳ್ಳಬಹುದು. ಭಾವ ಎರಡನ್ನೂ ತೆಗೆಸೋಣ ಅಂದರು. ನಾನು ಗಟ್ಟಿಯಾಗಿ ಬೇಡ ಅಂದೆ. ಬೆಂಕಿ, ಕಳ್ಳತನ, ಆಲಿಕಲ್ಲು, ಬಿದ್ದ ಮರ ಇವೆಲ್ಲ ಬರುವುದು ಕಾಂಪ್ರಿಹೆನ್ಸಿವ್‌ನಲ್ಲಿ. ನಿಂತ ಟ್ರೇಲರ್‌ಗೇ ಅದು ಹೆಚ್ಚು ಬೇಕು. ಡೆನ್ವರ್ ಕಡೆ ವಸಂತ ಮತ್ತು ಬೇಸಿಗೆಯಲ್ಲಿ ಆಲಿಕಲ್ಲು ಮಳೆ ಜೋರು. ಟ್ರೇಲರ್ ಕದಿಯುವುದು ಕೂಡ ಸುಲಭ, ಹಿಚ್ ಇರುವ ಯಾವ ಟ್ರಕ್ ಬೇಕಾದರೂ ಎಳೆದುಕೊಂಡು ಹೋಗುತ್ತದೆ.

ಎಮರ್ಜೆನ್ಸಿ ಎಕ್ಸ್‌ಪೆನ್ಸ್ ಕವರ್ ಅಕ್ಕನ ಹಟದಿಂದ ಬಂತು. ಮನೆಯಿಂದ ದೂರದಲ್ಲಿ ಟ್ರೇಲರ್ ಹಾನಿಯಾದರೆ ಹೋಟೆಲ್ ಮತ್ತು ಪ್ರಯಾಣದ ಖರ್ಚನ್ನು ಒಂದು ಮಿತಿವರೆಗೆ ಕೊಡುತ್ತದೆ. ರೋಡ್‌ಸೈಡ್ ಸದಸ್ಯತ್ವಗಳಲ್ಲೂ ಇದೇ ಥರದ್ದು ಇರುತ್ತದೆ, ಆದರೆ ಕೆಲವು ಅಪಘಾತಕ್ಕೆ ಮಾತ್ರ ಕೊಡುತ್ತವೆ, ಯಂತ್ರ ಕೆಟ್ಟರೆ ಕೊಡುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ಅಕ್ಕ ಹೇಳಿದ್ದೇ ಸರಿ ಅನಿಸಿತು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಟ್ರೇಲರ್‌ಗಳನ್ನು ನಿಜವಾಗಿ ತಿನ್ನುವುದು ನೀರು. ಚಾವಣಿ ಅಂಚಿನ ಸೀಲ್ ಒಣಗಿ ಬಿರುಕು ಬಿಟ್ಟು ನಿಧಾನವಾಗಿ ಒಳಗೆ ಇಳಿದು ಗೋಡೆ ಕೊಳೆಯುತ್ತದೆ. ನಿಧಾನ ಸೋರಿಕೆ, ಕೊಳೆತ, ಬೂಷ್ಟು, ಇಲಿ ಕಡಿತ ಇವು ಹೆಚ್ಚಿನ ಪಾಲಿಸಿಗಳಲ್ಲಿ ಹೊರಗೆ. ಯಾವ ಪ್ರೀಮಿಯಂ ಕಟ್ಟಿದರೂ ವರ್ಷಕ್ಕೆ ಒಂದೆರಡು ಸಲ ಏಣಿ ಹತ್ತಿ ಸೀಲ್ ನೋಡುವುದು ತಪ್ಪುವುದಿಲ್ಲ.

ತಗೊಂಡಿದ್ದು

ಕೊನೆಗೆ ಆರ್‌ವಿಯವರಿಗಾಗಿ ಇರುವ ಸದಸ್ಯತ್ವವನ್ನು ತಗೊಂಡರು. ಟ್ರಕ್ ಮತ್ತು ಟ್ರೇಲರ್ ಎರಡೂ ಅದರಲ್ಲಿ ಬರುತ್ತವೆ, ಮೈಲಿ ಮಿತಿ ಇಲ್ಲ, ಇಬ್ಬರಲ್ಲಿ ಯಾರು ಓಡಿಸುತ್ತಿದ್ದರೂ ನಡೆಯುತ್ತದೆ. ಪಿಕಪ್‌ನ ಇನ್ಶೂರೆನ್ಸ್ ಜೊತೆಗಿದ್ದ ಹಳೆಯ ರೋಡ್‌ಸೈಡ್ ತೆಗೆಸಿದರು, ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ಯಾಕೆ ಅಲ್ವಾ. ಟ್ರೇಲರ್‌ಗೆ ಪ್ರತ್ಯೇಕ ಪಾಲಿಸಿ ಆಯಿತು: ಕಾಂಪ್ರಿಹೆನ್ಸಿವ್, ಕೊಲಿಶನ್, ಒಪ್ಪಿದ ಬೆಲೆ, 1000 ಡಾಲರ್ ಡಿಡಕ್ಟಿಬಲ್, ವೆಕೇಶನ್ ಲಯಬಿಲಿಟಿ, ಎಮರ್ಜೆನ್ಸಿ ಎಕ್ಸ್‌ಪೆನ್ಸ್. ಸರ್ವಿಸ್ ಕಾಂಟ್ರ್ಯಾಕ್ಟ್ ಅಂತ ಮಾರುವ ಎಕ್ಸ್‌ಟೆಂಡೆಡ್ ವಾರಂಟಿ ಬೇಡ ಅಂತ ಮೂವರೂ ಒಪ್ಪಿದೆವು. ಆ ದುಡ್ಡು ಹೊಸ ಟೈರ್‌ಗೆ ಹೋಯಿತು.

ಟೈರ್ ವಿಷಯ ಇನ್ಶೂರೆನ್ಸ್‌ನಿಂದ ಬೇರೆ ಅನಿಸಬಹುದು. ಈ ಪ್ರಕರಣದಲ್ಲಿ ಹಾಗಲ್ಲ. ಟೈರ್ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಕೋಡ್ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2317 ಅಂದರೆ 2017ರ 23ನೇ ವಾರ. ಟ್ರೇಲರ್ ಟೈರ್ ಸವೆಯುವುದಕ್ಕಿಂತ ಮೊದಲೇ ವಯಸ್ಸಾಗಿ ಹೋಗುತ್ತದೆ. ಐದಾರು ವರ್ಷ ದಾಟಿದರೆ ಬದಲಿಸುವುದು ಒಳ್ಳೆಯದು. ಅನೇಕ ಟ್ರೇಲರ್ ಟೈರ್‌ಗಳು ಗಂಟೆಗೆ 65 ಮೈಲಿ ವೇಗಕ್ಕೆ ಮಾತ್ರ ತಯಾರಾಗಿರುತ್ತವೆ, ಆ ಹೆದ್ದಾರಿಯಲ್ಲಿ ಪಕ್ಕದ ಕಾರುಗಳು 75, 80ಕ್ಕೆ ಹೋಗುತ್ತಿರುತ್ತವೆ. ಭಾವ ನಾಲ್ಕು ಟೈರ್ ಜೊತೆ ಸ್ಟೆಪ್ನಿಯನ್ನೂ ಬದಲಿಸಿದರು. ಶ್ಯಾಕಲ್‌ನ ಪ್ಲಾಸ್ಟಿಕ್ ಬುಶ್ ತೆಗೆಸಿ, ಗ್ರೀಸ್ ಹಾಕುವ ಕಂಚಿನ ಬುಶ್ ಹಾಕಿಸಿದರು. ರಸೀದಿಗಳನ್ನು ಪಾಲಿಸಿ ಜೊತೆಗೇ ಇಟ್ಟಿದ್ದಾರೆ. ನಿರ್ವಹಣೆ ಮಾಡಿಲ್ಲ ಅಂತ ಕ್ಲೇಮ್ ತಳ್ಳಿಹಾಕಲು ಬಂದರೆ ಆ ರಸೀದಿ ಮಾತಾಡುತ್ತದೆ.

ಒಂದು ವಿಷಯ ಇನ್ನೂ ಬಾಕಿ ಇದೆ. ಭಾವನಿಗೆ ಮನೆ ಬಾಡಿಗೆಗೆ ಕೊಟ್ಟು ಒಂದು ವರ್ಷ ಪೂರ್ತಿ ಟ್ರೇಲರ್‌ನಲ್ಲೇ ಇರುವ ಆಸೆ. ಹಾಗೆ ಮಾಡಿದರೆ ಈಗಿನ ಪಾಲಿಸಿ ಸಾಲದು. ರಜೆಗೆ ಬಳಸುವ ಟ್ರೇಲರ್ ಬೇರೆ, ವಾಸದ ಟ್ರೇಲರ್ ಬೇರೆ ಅಂತ ಕಂಪನಿಗಳು ನೋಡುತ್ತವೆ, ಎರಡನೆಯದಕ್ಕೆ ಫುಲ್-ಟೈಮರ್ ಕವರ್ ಬೇಕು. ಹೇಳದೆ ಹೋದರೆ ಕ್ಲೇಮ್ ಬಿದ್ದುಹೋಗಬಹುದು. ಹೊರಡುವ ದಿನಾಂಕ ಗೊತ್ತಾದ ಕೂಡಲೇ ಏಜೆಂಟ್‌ಗೆ ಬರೆದು ತಿಳಿಸುವ ಕೆಲಸ ಅಕ್ಕ ತನ್ನ ಮೇಲೆ ಹಾಕಿಕೊಂಡಿದ್ದಾಳೆ.